ಗೋಡೆ ಕರಗುವುದಿಲ್ಲ ಎಂದು ಬರೆದುಕೊಡಬೇಕಂತೆ

ಪ್ರಾಂತ್ಯದ ಪರೀಕ್ಷಾ ಕಂಟ್ರೋಲ್ ಕಚೇರಿಯ ಮಾನ್ಯ ಅಧ್ಯಕ್ಷರೇ,

ಮನೆಯ ಗೋಡೆ ನೀರಿನಲ್ಲಿ ಕರಗುತ್ತದೆ ಎಂದು ಬರೆದ ತಪ್ಪಿಗೆ ಮರುಭೂಮಿಯ ನಡುವಿನ ನಮ್ಮ ಸಿವಾ ಊರಿನ ಒಬ್ಬ ಹುಡುಗಿಗೆ ತಾವು ಸೊನ್ನೆ ಕೊಟ್ಟಿದ್ದೀರಿ. ಸೊನ್ನೆ ಕೊಟ್ಟದ್ದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸರ್ಕಾರಿ ಶಾಲೆಯಲ್ಲಿ ತಲೆ ನರೆಸಿಕೊಂಡವನಿಗೆ ಸುಮ್ಮನಿರುವ ವಿದ್ಯೆ ಚೆನ್ನಾಗಿ ಬರುತ್ತದೆ. ಆದರೆ ಈಗ ತಾವು ದೊಡ್ಡ ಮನಸ್ಸು ಮಾಡಿದ್ದೀರಿ. 'ಗೋಡೆ ನೀರಿನಲ್ಲಿ ಕರಗುವುದಿಲ್ಲ, ನಾನು ಬರೆದದ್ದು ತಪ್ಪು' ಎಂದು ಆಕೆ ಮುಚ್ಚಳಿಕೆ ಬರೆದುಕೊಟ್ಟರೆ ಅಂಕ ಹಿಂದಿರುಗಿಸುತ್ತೀರಂತೆ. ಅದರ ಕೆಳಗೆ ಆಕೆಯ ವಿಜ್ಞಾನದ ಮೇಷ್ಟ್ರಾದ ನನ್ನ ಸಹಿಯೂ ಇರಬೇಕಂತೆ. ಆ ದೊಡ್ಡ ಮನಸ್ಸಿಗೆ ಉತ್ತರವಾಗಿ ಈ ಪತ್ರ. ಇದನ್ನು ಪತ್ರಿಕೆಯಲ್ಲಿ ಏಕೆ ಬರೆದೆ ಎಂದು ತಾವು ಕೇಳಬಹುದು. ಖಾಸಗಿಯಾಗಿ ಬರೆದವೆಲ್ಲ ತಮ್ಮ ಕಚೇರಿಯೊಳಗೆ ಹೋಗಿ ಕರಗಿದವು. ಕರಗುವ ವಸ್ತುಗಳ ಪಟ್ಟಿಗೆ ಅರ್ಜಿಗಳನ್ನೂ ಸೇರಿಸಬಹುದೆಂದು ನನ್ನ ನಮ್ರ ಸಲಹೆ.

ಪ್ರಶ್ನೆ ತಮಗೆ ನೆನಪಿರಲಿಕ್ಕಿಲ್ಲ, ಅಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದು ಅದಕ್ಕೆ ಉತ್ತರ ಬರೆದವರ ಹಣೆಬರಹ. 'ಈ ಕೆಳಗಿನವುಗಳಲ್ಲಿ ನೀರಿನಲ್ಲಿ ಕರಗದೆ ಉಳಿಯುವುದು ಯಾವುದು? ಕಾರಣ ಕೊಡಿ: ಸಕ್ಕರೆ, ಅಡುಗೆ ಉಪ್ಪು, ಅಡುಗೆ ಸೋಡಾ, ಮನೆಯ ಗೋಡೆ.' ರಾಬ್ಹಾ ಎಂಬ ನನ್ನ ವಿದ್ಯಾರ್ಥಿನಿ ಬರೆದದ್ದು ಹೀಗೆ: 'ಯಾವುದೂ ಅಲ್ಲ. ಸಕ್ಕರೆ, ಉಪ್ಪು, ಸೋಡಾ ಬೇಗ ಕರಗುತ್ತವೆ. ಗೋಡೆ ಒಂದು ಮಿಶ್ರಣ. ಅದರಲ್ಲಿರುವ ಉಪ್ಪು ನೀರಿನಲ್ಲಿ ಕರಗಿಹೋಗುತ್ತದೆ, ಮಣ್ಣು ಕರಗದೆ ತಳದಲ್ಲಿ ಕೂರುತ್ತದೆ. ಉಪ್ಪು ಹೋದ ಮೇಲೆ ಗೋಡೆ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಹಾಗೇ ಆಯಿತು.' ನಾನಾಗಿದ್ದರೆ ಪೂರ್ತಿ ಅಂಕ ಕೊಟ್ಟು, ಹಾಳೆಯ ಅಂಚಿನಲ್ಲಿ ಭೇಷ್ ಎಂದು ಬರೆಯುತ್ತಿದ್ದೆ. ತಮ್ಮ ಮೌಲ್ಯಮಾಪಕರು ಉತ್ತರದ ಉದ್ದಕ್ಕೂ ಕೆಂಪು ಗೀಟು ಎಳೆದು, 'ಪರೀಕ್ಷೆಯನ್ನು ಹಾಸ್ಯ ಮಾಡಲಾಗಿದೆ' ಎಂದು ಬರೆದರು. ಮಾದರಿ ಉತ್ತರದಲ್ಲಿ 'ಮನೆಯ ಗೋಡೆ' ಎಂದಿತ್ತು. ಗೋಡೆ ಗೋಡೆಯೇ, ಮನೆ ಎಲ್ಲಿದ್ದರೇನು?

ತಾವು ಸಮುದ್ರದ ದಂಡೆಯಲ್ಲಿ, ಸುಣ್ಣದಕಲ್ಲಿನ ಕಟ್ಟಡದಲ್ಲಿ ಕುಳಿತವರು. ನಮ್ಮ ಮನೆಗಳು ಕರ್ಶಿಫ್‌ನವು. ಉಪ್ಪಿನ ಸರೋವರದ ಅಂಚಿನಲ್ಲಿ ಗಟ್ಟಿಕಟ್ಟಿದ ಉಪ್ಪುಮಣ್ಣಿನ ಹೆಂಟೆಗಳನ್ನು ಅಗೆದು ತಂದು, ಹಸಿ ಕೆಸರಿನಲ್ಲಿ ಕೂರಿಸಿ ಕಟ್ಟುತ್ತೇವೆ. ಬಿಸಿಲಿಗೆ ಕೆಸರಿನ ನೀರು ಆವಿಯಾಗಿ ಹೋದಂತೆ ಅದರಲ್ಲಿ ಕರಗಿದ್ದ ಉಪ್ಪು ಮತ್ತೆ ಹರಳುಗಟ್ಟಿ, ಹೆಂಟೆ ಹೆಂಟೆಯನ್ನು ಬಿಗಿದು ಒಂದು ಮಾಡುತ್ತದೆ. ಇದು ತಮ್ಮದೇ ಪಠ್ಯಪುಸ್ತಕದ 'ಮಿಶ್ರಣಗಳು' ಪಾಠ. ನಾವು ಅದರೊಳಗೆ ಉಂಡು ಮಲಗುತ್ತೇವೆ, ಅಷ್ಟೇ ವ್ಯತ್ಯಾಸ. ನಾನು ನದೀಮುಖದ ಡೆಲ್ಟಾ ಸೀಮೆಯವನು. ಯಾರದೋ ಮುಲಾಜಿಗೆ ಬಗ್ಗದಿದ್ದುದಕ್ಕೆ ನನ್ನನ್ನು ಇಲ್ಲಿಗೆ ಎತ್ತಿ ಎಸೆದರು. ಎಸೆದ ಕಡೆಯೇ ಮದುವೆಯಾದೆ, ಮಕ್ಕಳಾದವು, ಇಲ್ಲಿಯವನೇ ಆದೆ. ಪ್ರತಿ ವರ್ಷ 'ವಸ್ತು' ಎಂಬ ಪಾಠ ಶುರುಮಾಡುವ ದಿನ ಮಕ್ಕಳನ್ನು ಹೊರಗೆ ಕರೆದೊಯ್ದು ಹಳೆಯ ಗೋಡೆಯೊಂದರ ಮುಂದೆ ನಿಲ್ಲಿಸಿ, ನೆಕ್ಕಿ ಎನ್ನುತ್ತೇನೆ. ಅವರು ನಗುತ್ತಾರೆ. ಈ ಊರಿನಲ್ಲಿ ಗೋಡೆ ನೆಕ್ಕದೆ ದೊಡ್ಡವರಾದವರು ಯಾರೂ ಇಲ್ಲ, ಅಮ್ಮಂದಿರ ಏಟು ತಿನ್ನದೆ ನೆಕ್ಕಿದ್ದು ಮಾತ್ರ ಅದೇ ಮೊದಲು. ಆಮೇಲೆ ಕೇಳುತ್ತೇನೆ: ನಾಲಿಗೆಗೆ ರುಚಿ ಹತ್ತಿದ್ದು ಯಾಕೆ? ಗೋಡೆಯ ಒಂದಿಷ್ಟು ಕಣಗಳು ನಿಮ್ಮ ಎಂಜಲಿನಲ್ಲಿ ಕರಗಿದ್ದಕ್ಕೆ. ಕರಗದ ವಸ್ತುವಿಗೆ ರುಚಿ ಎಲ್ಲಿಂದ ಬರಬೇಕು?

ಇಷ್ಟು ಪಾಠ ಕಲಿತ ರಾಬ್ಹಾ ಅದನ್ನು ಉತ್ತರಪತ್ರಿಕೆಯಲ್ಲಿ ಬರೆಯುವ ಮೊದಲು ಒಮ್ಮೆ ಬಳಸಿದ್ದಳು. ಅದನ್ನು ತಾವು ಕೇಳಲೇಬೇಕು, ಏಕೆಂದರೆ ತಾವು ಹಾಸ್ಯ ಎಂದದ್ದು ಇದನ್ನೇ.

ಕಳೆದ ಚಳಿಗಾಲದಲ್ಲಿ ನಮ್ಮಲ್ಲಿ ಮಳೆ ಬಂತು. ನಮ್ಮಲ್ಲಿ ಮಳೆ ಬಂದರೆ ಜನ ಹಾಡುವುದಿಲ್ಲ, ಮಾಡು ನೋಡುತ್ತಾರೆ. ಮಧ್ಯಾಹ್ನದ ಹೊತ್ತು. ರಾಬ್ಹಾಳ ಅಜ್ಜಿ ಮಬ್ರೂಕಾ ಕೆಳಗಿನ ಕೋಣೆಯ ಗೋಡೆಗೆ ಒರಗಿ ಕುಳಿತು ಉಪ್ಪಿನಕಾಯಿಗೆ ಆಲಿವ್ ಜಜ್ಜುತ್ತಿದ್ದಳು. ಮಂಡಿ ನೋವಿನ ಮುದುಕಿ, ಒಮ್ಮೆ ಕುಳಿತರೆ ಏಳುವುದು ಕಷ್ಟ. ಗೋಡೆಯ ಬುಡದಿಂದ ಎಳೆಯಾಗಿ ನೀರು ಹರಿದುಬರುತ್ತಿತ್ತು. ರಾಬ್ಹಾ ಅದಕ್ಕೆ ಬೆರಳದ್ದಿ ಬಾಯಿಗಿಟ್ಟುಕೊಂಡಳು.

"ಅಜ್ಜಿ, ಏಳು," ಎಂದಳಂತೆ.

"ಯಾಕೆ?"

"ನೀರು ಉಪ್ಪಾಗಿದೆ."

"ಈ ಊರಲ್ಲಿ ಯಾವ ನೀರು ಉಪ್ಪಿಲ್ಲ, ಹೇಳು ನೋಡೋಣ."

"ಇದು ಮಳೆ ನೀರಜ್ಜಿ. ಮೇಲಿಂದ ಬೀಳೋವಾಗ ಅದರಲ್ಲಿ ಉಪ್ಪಿರಲ್ಲ. ಈ ಉಪ್ಪು ಎಲ್ಲಿಂದ ಬಂತು?"

"ಎಲ್ಲಿಂದಾದ್ರೂ ಬರ್ಲಿ. ಈ ಬುಟ್ಟಿ ಮುಗೀಲಿ, ಏಳ್ತೀನಿ."

ಹುಡುಗಿ ಎರಡನೆಯ ಮಾತಾಡದೆ ಚಾಪೆಯ ತುದಿ ಹಿಡಿದು ಅಜ್ಜಿಯನ್ನು ಚಾಪೆ ಸಮೇತ ಅಂಗಳಕ್ಕೆ ಎಳೆದಳು. ಮುದುಕಿ ಮಳೆಯಲ್ಲಿ ಕುಳಿತು ಮೊಮ್ಮಗಳ ಏಳು ತಲೆಮಾರನ್ನೂ ಬೈಯುತ್ತಿದ್ದಳು. ಅದರಲ್ಲಿ ತಾನೂ ಸೇರಿದ್ದೇನೆ ಎಂಬುದು ಆ ಸಿಟ್ಟಿನಲ್ಲಿ ಹೊಳೆದಿರಲಿಲ್ಲ. ಬೈಗುಳ ಮುಗಿಯುವ ಮೊದಲು ಗೋಡೆ ಒಳಕ್ಕೆ ಕುಸಿಯಿತು, ಅದರ ಹಿಂದೆ ಮಾಡಿನ ಖರ್ಜೂರದ ತೊಲೆ ಬಂತು. ಈ ಕತೆಯನ್ನು ಮಬ್ರೂಕಾ ಅಜ್ಜಿ ಊರಿನ ಪ್ರತಿ ಮನೆಯಲ್ಲೂ ಹೇಳಿದ್ದಾಳೆ. ನನಗೇ ಎಷ್ಟೋ ಸಲ ಹೇಳಿದ್ದಾಳೆ, ಪ್ರತಿ ಸಲವೂ ಒಳಗೇ ಉಳಿದುಹೋದ ಆಲಿವ್ ಬುಟ್ಟಿ ಇನ್ನಷ್ಟು ದೊಡ್ಡದಾಗುತ್ತದೆ. ಆಕೆ ಹೇಳುವಾಗ ನಾವೆಲ್ಲ ನಗುತ್ತೇವೆ. ನಕ್ಕು ಮನೆಗೆ ಬಂದ ಮೇಲೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ಆ ಹುಡುಗಿ ಆ ದಿನ ನಾಲಿಗೆಯ ಬದಲು ಮಾದರಿ ಉತ್ತರವನ್ನು ನಂಬಿದ್ದರೆ?

ಇನ್ನು ಪರೀಕ್ಷೆಗೆ ಬರೋಣ. ಈ ಊರಿನ ಉಳಿದ ಮಕ್ಕಳಿಗೆಲ್ಲ ಅಂಕ ಬಂದಿದೆಯಲ್ಲ, ಅವರೇನು ಬೇರೆ ಲೋಕದವರೇ ಎಂದು ತಮ್ಮ ಕಚೇರಿಯವರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಅದನ್ನು ರಾಬ್ಹಾಳ ಚಿಕ್ಕಪ್ಪನ ಮಗಳು ಘಾಲಿಯಾಳಿಗೆ ಕೇಳಿದೆ. ಇಬ್ಬರದೂ ಒಂದೇ ಮನೆ, ಒಂದೇ ಅಜ್ಜಿ, ಬಿದ್ದದ್ದು ಒಂದೇ ಗೋಡೆ. ಘಾಲಿಯಾ 'ಮನೆಯ ಗೋಡೆ' ಎಂದು ಬರೆದು ಪೂರ್ತಿ ಅಂಕ ತಂದಿದ್ದಾಳೆ.

"ನಿಮ್ಮನೆ ಗೋಡೆ ಬಿದ್ದಿದ್ದು ಗೊತ್ತಿದ್ದೂ ಹಂಗೆ ಬರ್ದ್ಯೇನಮ್ಮಾ?" ಎಂದೆ.

"ನಮ್ಮನೆ ಗೋಡೆ ಅಂತ ಅವ್ರು ಎಲ್ಲಿ ಕೇಳಿದ್ರು ಮೇಷ್ಟ್ರೇ? ಪ್ರಶ್ನೆ ಕೈರೋದಿಂದ ಬಂದಿರುತ್ತೆ, ನಾನು ಕೈರೋ ಗೋಡೆ ನೆನೆಸ್ಕೊಂಡು ಬರ್ದೆ."

"ಕೈರೋ ನೋಡಿದ್ಯಾ?"

"ಇಲ್ಲ. ಟೀವಿಲಿ ಇರುತ್ತಲ್ಲ. ಅಲ್ಲಿ ಯಾರೂ ಗೋಡೆ ನೆಕ್ಕಲ್ಲ."

ಈ ಹುಡುಗಿ ಮುಂದೆ ತಮ್ಮ ಇಲಾಖೆಯಲ್ಲೇ ದೊಡ್ಡ ಹುದ್ದೆಗೆ ಬರುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನಗೆ ಬೇಸರ ಅವಳ ಮೇಲಲ್ಲ. ಕಂಡದ್ದನ್ನು ಮರೆತು ಕೇಳಿದವರಿಗೆ ಬೇಕಾದ್ದನ್ನು ಬರೆಯಬೇಕೆಂದು ಆಕೆ ಕಲಿತಿದ್ದಾಳೆ, ಅದನ್ನು ನಾವೇ ಕಲಿಸಿದ್ದೇವೆ. ರಾಬ್ಹಾಳಿಗೆ ಅದು ಬರಲಿಲ್ಲ. 'ಮನೆಯ ಗೋಡೆ' ಎಂದು ಓದಿದಾಗ ಅವಳಿಗೆ ಅವಳ ಮನೆಯ ಗೋಡೆ ಕಂಡಿತು. ಇಷ್ಟು ದಡ್ಡತನ ಯಾರಿಗಿರುತ್ತದೆ ಹೇಳಿ.

ತಮ್ಮ ಕಚೇರಿಗೆ ನಾನು ಖುದ್ದಾಗಿ ಬಂದಿದ್ದೆ. ಬಿದ್ದ ಗೋಡೆಯ ಒಂದು ಹೆಂಟೆಯನ್ನು ಬಟ್ಟೆಯಲ್ಲಿ ಸುತ್ತಿ, ಮರುಭೂಮಿಯ ಉದ್ದಕ್ಕೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು. ನಾನು ಒಂದು ಗಾಜಿನ ಲೋಟದಲ್ಲಿ ನೀರು ಕೇಳಿ, ಹೆಂಟೆಯ ಚೂರನ್ನು ಅದರಲ್ಲಿ ಹಾಕಿ ಅವರ ಮೇಜಿನ ಮೇಲಿಟ್ಟೆ. ಚಹಾ ಮುಗಿಯುವಷ್ಟರಲ್ಲಿ ಚೂರು ಸಡಿಲಾಗಿ ಹರಡಿಕೊಂಡಿತು. ಇನ್ನಷ್ಟು ಹೊತ್ತಿಗೆ ಮಣ್ಣು ತಳಕ್ಕಿಳಿದು ಮೇಲಿನ ನೀರು ತಿಳಿಯಾಯಿತು. ಗುಮಾಸ್ತರು ಕುತೂಹಲದಿಂದ ಆ ನೀರಿಗೆ ಬೆರಳದ್ದಿ ನೆಕ್ಕಿದರು. ಮುಖ ಕಿವುಚಿದರು.

"ಉಪ್ಪು," ಎಂದರು.

"ಹೌದಲ್ಲ. ಈಗ ಅಂಕ ಕೊಡಿ."

"ಅಲ್ಲ ಮೇಷ್ಟ್ರೇ, ಉಪ್ಪು ಕರಗುತ್ತೆ ಅಂತ ನಾವೂ ಒಪ್ತೀವಿ, ಮಾದರಿ ಉತ್ತರದಲ್ಲೂ ಹಂಗೇ ಇದೆ. ಇದು ಗೋಡೆ ಅನ್ನೋದಕ್ಕೆ ಏನು ಪುರಾವೆ?"

"ಮನೆಯಿಂದ ತಂದಿದೀನಿ."

"ಮನೆಯಿಂದ ಯಾರು ಏನು ಬೇಕಾದ್ರೂ ತರಬಹುದು. ಇಂಜಿನಿಯರ್ ಹತ್ರ ಒಂದು ದೃಢೀಕರಣ ಪತ್ರ ಮಾಡಿಸ್ಕೊಂಡು ಬನ್ನಿ, ಇದು ಗೋಡೆ ಅಂತ. ಮುಂದಿಂದು ನನಗೆ ಬಿಡಿ."

ಮತ್ತೆ ಬಸ್ಸು ಹತ್ತಿದೆ. ನಮ್ಮೂರಿನ ಇಂಜಿನಿಯರ್ ಸಾಹೇಬರು ಹೆಂಟೆಯನ್ನು ತಿರುಗಿಸಿ ನೋಡಿ, ತಮ್ಮ ನಿಯಮಗಳ ಪುಸ್ತಕವನ್ನೂ ತಿರುಗಿಸಿ ನೋಡಿ, ಉಪ್ಪು ಅಂಗೀಕೃತ ಕಟ್ಟಡ ಸಾಮಗ್ರಿಯಲ್ಲ, ಆದ್ದರಿಂದ ಇದನ್ನು ಗೋಡೆಯೆಂದು ದೃಢೀಕರಿಸಲು ಬರುವುದಿಲ್ಲ ಎಂದರು. ಅವರು ಬಾಡಿಗೆಗಿರುವುದೂ ಕರ್ಶಿಫ್ ಮನೆಯಲ್ಲೇ. ಬೇಸಿಗೆಗೆ ತಂಪು ಎಂದು ಅವರೇ ನನ್ನ ಮುಂದೆ ಹೊಗಳಿದ್ದುಂಟು. ಗೋಡೆಯಲ್ಲದ್ದರ ಮೇಲೆ ಅವರ ಮಾಡು ನಿಂತಿದೆ, ಗೋಡೆಯಲ್ಲದ್ದಕ್ಕೆ ಮೊಳೆ ಹೊಡೆದು ಅವರು ಅಂಗಿ ನೇತುಹಾಕುತ್ತಾರೆ. ಗೋಡೆಯಲ್ಲದ ಒಂದು ವಸ್ತು ಮೈಮೇಲೆ ಬಿದ್ದು ಮಬ್ರೂಕಾ ಅಜ್ಜಿ ಸತ್ತಿದ್ದರೆ, ಸಾವಿನ ಕಾರಣ ಎಂಬ ಜಾಗದಲ್ಲಿ ಏನು ಬರೆಯುತ್ತಿದ್ದರೋ ನನಗೆ ತಿಳಿಯದು.

ಮಾನ್ಯರೇ, ಗೋಡೆಯೆಂದು ದೃಢಪಟ್ಟ ಗೋಡೆಗಳೂ ನಮ್ಮಲ್ಲಿವೆ. ರಾಬ್ಹಾ ಪರೀಕ್ಷೆ ಬರೆದ ಶಾಲೆಯನ್ನು ತಮ್ಮ ಇಲಾಖೆಯೇ ಸಿಮೆಂಟು, ಕಬ್ಬಿಣದಲ್ಲಿ ಕಟ್ಟಿಸಿತು. ಈ ನೆಲದ ಉಪ್ಪು ಬುಡದಿಂದ ಮೇಲೇರಿ ಒಳಗಿನ ಕಬ್ಬಿಣದ ಸರಳುಗಳನ್ನು ತಿನ್ನುತ್ತಿದೆ. ತುಕ್ಕು ಹಿಡಿದ ಸರಳು ಉಬ್ಬಿ ಸಿಮೆಂಟನ್ನು ಬಿರಿಸಿದೆ. ಪರೀಕ್ಷಾ ಕೊಠಡಿಯ ಗೋಡೆಗೆ 'ಅಪಾಯ, ಗೋಡೆಗೆ ಒರಗಬೇಡಿ' ಎಂದು ತಮ್ಮ ಇಲಾಖೆಯದೇ ಫಲಕವಿದೆ. ಅದರ ಪಕ್ಕದ ಬೆಂಚಿನಲ್ಲಿ ಕುಳಿತು, ಗೋಡೆಗೆ ಒರಗದಂತೆ ಎಚ್ಚರವಹಿಸಿ, ಮಕ್ಕಳು ಗೋಡೆ ಕರಗುವುದಿಲ್ಲ ಎಂದು ಬರೆದರು. ಏಳನೆಯ ತರಗತಿಯ ಮಗುವಿಗೂ ಗೊತ್ತಿರುವ ಒಂದು ಮಾತನ್ನು ಇಲ್ಲಿ ನೆನಪಿಸಬೇಕು. ಉಪ್ಪು ನೀರಿನಲ್ಲಿ ಕರಗುವುದು ಭೌತಿಕ ಬದಲಾವಣೆ. ನೀರು ಆರಿದರೆ ಉಪ್ಪು ಉಪ್ಪಾಗಿಯೇ ಹಿಂದಿರುಗುತ್ತದೆ. ಕಬ್ಬಿಣ ತುಕ್ಕಾಗುವುದು ರಾಸಾಯನಿಕ ಬದಲಾವಣೆ. ಅದು ಬೇರೆಯೇ ವಸ್ತುವಾಯಿತು, ಬಿಸಿಲಿಗಿಟ್ಟರೆ ಕಬ್ಬಿಣವಾಗುವುದಿಲ್ಲ. ಮಬ್ರೂಕಾ ಅಜ್ಜಿಯ ಗೋಡೆಯನ್ನು ಮಳೆ ನಿಂತ ಮೇಲೆ ಬಿದ್ದ ಅದೇ ಉಪ್ಪುಮಣ್ಣಿಗೆ ಹೊಸ ಹೆಂಟೆ ಸೇರಿಸಿ ಎತ್ತಿದರು. ಶಾಲೆಯ ಗೋಡೆಗೆ ಇದುವರೆಗೆ ಫಲಕ ಮಾತ್ರ ಸೇರಿದೆ.

ಹಾಗಾದರೆ ಒಂದು ಮಗುವಿನ ಅಂಕ ಹೊಡೆದುಹಾಕುವುದು ಯಾವ ಬಗೆಯ ಬದಲಾವಣೆ? ನಾನು ಭೌತಿಕ ಎಂದುಕೊಂಡಿದ್ದೆ, ಕೆಂಪು ಗೀಟು ಅಳಿಸಿದರೆ ಸರಿಹೋಗುತ್ತದೆ ಎಂದು. ಈಗ ಅನುಮಾನ ಬಂದಿದೆ. ಆ ಪ್ರಶ್ನೆಯ ಅಂಕವಿಲ್ಲದೆ ರಾಬ್ಹಾ ಸಾಮಾನ್ಯ ಪ್ರೌಢಶಾಲೆಗೆ ಸೇರಲು ಬೇಕಾದ ಅಂಕದ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ ನಿಂತಿದ್ದಾಳೆ. ಅಲ್ಲಿ ಸೀಟು ಸಿಗದಿದ್ದರೆ ಅವಳ ಓದು ಮುಗಿಯಿತು. ಅವಳ ಅಪ್ಪ ಜಿಬ್ರೀಲ್ ಖರ್ಜೂರದ ಲಾರಿ ಓಡಿಸುವವನು, ಕೆಟ್ಟವನಲ್ಲ. "ಸರ್ಕಾರ ಮೇಲಕ್ಕೆ ಕಳಿಸಿದ್ರೆ ನಾನು ತಡೆಯಲ್ಲ ಮೇಷ್ಟ್ರೇ, ಮಾತು ಕೊಟ್ಟಿದೀನಿ," ಎಂದು ಮಗಳ ಎದುರೇ ಹೇಳಿದ್ದ. ಫಲಿತಾಂಶ ಬಂದ ದಿನ ಅವನೇ ನನ್ನ ಮನೆಗೆ ಬಂದ. "ಸರ್ಕಾರವೇ ಬೇಡ ಅಂತಿದೆ. ಇನ್ನು ನಾನು ಊರವರಿಗೆ ಏನು ಉತ್ತರ ಕೊಡ್ಲಿ?" ಎಂದ. ಅವನ ಅಕ್ಕನ ಮನೆಯಿಂದ ಹುಡುಗನ ವಿಚಾರ ಆಗಲೇ ಬಂದಿದೆಯಂತೆ. ಪ್ರವೇಶ ಬರುವ ಗುರುವಾರ ಮುಚ್ಚುತ್ತದೆ.

ತಮ್ಮ ಮುಚ್ಚಳಿಕೆಯ ಹಾಳೆ ಬಂದದ್ದು ಈ ಹೊತ್ತಿನಲ್ಲಿ. ಅದನ್ನು ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಹೊಸ ಗೋಡೆಯ ಪಕ್ಕದಲ್ಲಿ ಚಾಪೆ ಹಾಸಿತ್ತು. ಜಿಬ್ರೀಲ್ ಪೆನ್ನನ್ನು ಆಗಲೇ ಕೈಯಲ್ಲಿ ಹಿಡಿದಿದ್ದ.

"ಹಾಕಮ್ಮಾ ಸಹಿ. ಒಂದು ಸಾಲು ತಾನೆ? ಅವರಿಗೂ ಖುಷಿ, ನಿನಗೂ ಶಾಲೆ."

ರಾಬ್ಹಾ ಹಾಳೆಯನ್ನು ನಿಧಾನವಾಗಿ ಓದಿದಳು. ಆಮೇಲೆ ಅಪ್ಪನನ್ನು ಬಿಟ್ಟು ನನ್ನನ್ನು ನೋಡಿದಳು.

"ಗೋಡೆ ಕರಗಲ್ಲ ಅಂತ ಬರ್ದುಕೊಟ್ರೆ, ಆವತ್ತು ಅಜ್ಜಿನ ಯಾಕೆ ಹೊರಗೆ ಎಳೆದೆ ನಾನು ಮೇಷ್ಟ್ರೇ?"

ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದಳು.

"ಇದನ್ನ ಮುಂದಿನ ವರ್ಷದ ಮಕ್ಕಳಿಗೂ ತೋರಿಸ್ತಾರಾ?"

"ತೋರಿಸ್ಬಹುದು."

"ಅವರ ಮನೇಲೂ ಅಜ್ಜಿಯರಿರ್ತಾರಲ್ಲ," ಎಂದಳು. ಹಾಳೆಯನ್ನು ಚಾಪೆಯ ಮೇಲಿಟ್ಟು, "ನನಗೆ ಶಾಲೆ ಬೇಕು. ತುಂಬಾ ಬೇಕು. ನೀವು ಹಾಕು ಅಂದ್ರೆ ಹಾಕ್ತೀನಿ," ಎಂದಳು.

ಮಾನ್ಯರೇ, ಘನ, ದ್ರವ, ಅನಿಲ ಎಂದು ಆಯುಷ್ಯವೆಲ್ಲ ಪಾಠ ಮಾಡಿದ್ದೇನೆ. ಅಷ್ಟು ಭಾರವಾದ ಮಾತನ್ನು ಯಾವ ಮಗುವೂ ನನ್ನ ಮುಂದೆ ತಂದಿಟ್ಟಿರಲಿಲ್ಲ. ಹಾಕು ಎಂದರೆ ನನ್ನ ಪಾಠವೆಲ್ಲ ಸುಳ್ಳಾಗುತ್ತದೆ, ಬೇಡ ಎಂದರೆ ಆಕೆ ಮನೆಯಲ್ಲುಳಿಯುತ್ತಾಳೆ. ಅಂಥ ಹೊತ್ತಿನಲ್ಲಿ ನಮ್ಮನ್ನೆಲ್ಲ ಪಾರು ಮಾಡಿದವಳು ಮಬ್ರೂಕಾ ಅಜ್ಜಿ. ಆಕೆ ಚಹಾದ ಲೋಟಕ್ಕೆ ಇನ್ನೂ ಒಂದು ಚೂರು ಸಕ್ಕರೆ ಹಾಕುತ್ತಾ ಕೇಳಿದಳು.

"ಆ ಸಾಹೇಬ್ರು ಈ ಊರಿಗೆ ಬಂದಿದಾರಾ?"

"ಇಲ್ಲ ಅಜ್ಜಿ."

"ಹಂಗಾದ್ರೆ ಒಂದ್ಸಲ ಬರಕ್ಕೆ ಹೇಳಪ್ಪ. ಮಳೆ ಬಂದಾಗ ಬರ್ಲಿ. ನಾನು ಕೂತಿದ್ದ ಜಾಗದಲ್ಲೇ ಕೂತು ಒಂದು ಲೋಟ ಚಹಾ ಕುಡೀಲಿ. ಕುಡಿದು ಮುಗಿಸಿದ ಮೇಲೂ ಗೋಡೆ ಕರಗಲ್ಲ ಅಂದ್ರೆ, ನಾನೇ ಹೆಬ್ಬೆಟ್ಟು ಒತ್ತಿ ಕೊಡ್ತೀನಿ."

ಹಾಗಾಗಿ ಹಾಳೆಯಲ್ಲಿ ಸಹಿಯ ಜಾಗ ಇನ್ನೂ ಖಾಲಿಯಿದೆ, ಜಿಬ್ರೀಲನ ಪೆನ್ನು ನನ್ನ ಕೈಗೆ ಬಂದಿದೆ, ನಾನು ಅದರಲ್ಲೇ ತಮಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಗುರುವಾರ ಕಚೇರಿ ಮುಚ್ಚುವ ಮೊದಲು ಆ ಹುಡುಗಿಯ ಅಂಕವನ್ನು ಆಕೆಗೆ ಕೊಡಿ, ಮುಚ್ಚಳಿಕೆ ಕೇಳದೆ ಕೊಡಿ. ದಯೆಯೆಂದು ಕೊಡಬೇಡಿ, ಉತ್ತರ ಸರಿಯಿದೆ ಎಂದು ಕೊಡಿ. ಅದು ಸಾಧ್ಯವಿಲ್ಲವಾದರೆ ಸಿವಾದ ಮೇಲೆ ಮಳೆ ಬೀಳಕೂಡದೆಂದು ಒಂದು ಸುತ್ತೋಲೆ ಹೊರಡಿಸಿ, ಮೋಡಗಳೂ ಮಾದರಿ ಉತ್ತರದಂತೆ ನಡೆದುಕೊಳ್ಳಲಿ. ತಮ್ಮ ಗುಮಾಸ್ತರ ಮೇಜಿನ ಮೇಲೆ ನಾನು ಬಿಟ್ಟುಬಂದ ಲೋಟ ಇನ್ನೂ ಅಲ್ಲೇ ಇದ್ದರೆ ಅದನ್ನು ಕಿಟಕಿಯ ಬಿಸಿಲಿಗಿಡಿಸಿ. ನೀರು ಆರಿದ ಮೇಲೆ ಲೋಟದಲ್ಲಿ ಬಿಳಿಯ ಹರಳು ಕಾಣುತ್ತದೆ. ಕರಗಿದ್ದು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು ಎಂದು ಅರ್ಥ. ಇದು ಪಠ್ಯಪುಸ್ತಕದಲ್ಲಿದೆ, ಆದ್ದರಿಂದ ತಾವು ನಂಬಬಹುದು.

ಇನ್ನು ಮಬ್ರೂಕಾ ಅಜ್ಜಿಯ ಆಹ್ವಾನ. ಅದನ್ನು ತಲುಪಿಸುವುದು ನನ್ನ ಕರ್ತವ್ಯ. ಬರುವ ಚಳಿಗಾಲದಲ್ಲಿ ಮೋಡ ಕಟ್ಟಿದ ದಿನ ತಾವು ದಯಮಾಡಿಸಬೇಕು. ಗೋಡೆಗೆ ಒರಗಿ ಕೂರಲು ದಿಂಬು ಇಡುತ್ತಾರೆ, ಚಹಾಕ್ಕೆ ನಿಂಬೆಹುಲ್ಲು ಹಾಕುತ್ತಾರೆ, ಪಕ್ಕದಲ್ಲಿ ಆಲಿವ್ ಇರುತ್ತದೆ. ತಾವು ನಿಶ್ಚಿಂತೆಯಿಂದ ಕುಳಿತಿರಬಹುದು. ರಾಬ್ಹಾ ಶಾಲೆಗೆ ಹೋಗದಿದ್ದರೆ ಆ ಹೊತ್ತಿಗೆ ಮನೆಯಲ್ಲೇ ಇರುತ್ತಾಳೆ, ಗೋಡೆಯ ಬುಡದ ನೀರನ್ನು ಅವಳೇ ಆಗಾಗ ನೆಕ್ಕಿ ನೋಡುತ್ತಿರುತ್ತಾಳೆ. ಆಕೆ ಸುಮ್ಮನೆ ಕೂಗುವ ಹುಡುಗಿಯಲ್ಲ. ಒಂದು ವೇಳೆ ಕೂಗಿದರೆ, ದಯವಿಟ್ಟು ಮಾದರಿ ಉತ್ತರ ತೆಗೆದು ನೋಡುತ್ತಾ ಕೂರಬೇಡಿ. ಎದ್ದು ಬನ್ನಿ.

ಇಂತಿ,
ಮಕ್ಕಳ ಕೈಯಲ್ಲಿ ಗೋಡೆ ನೆಕ್ಕಿಸಿದ, ಇನ್ನು ಇದಕ್ಕಿಂತ ದೂರದ ಊರು ನಕ್ಷೆಯಲ್ಲಿ ಇಲ್ಲದ್ದರಿಂದ ವರ್ಗಾವಣೆಯ ಭಯವಿಲ್ಲದ,
ಫಿಕ್ರಿ ದರ್ದೀರ್
ವಿಜ್ಞಾನದ ಮೇಷ್ಟ್ರು, ಸಿವಾ